ಉಪ್ಪಿಲ್ಲದ ಕಡುಬು

ಹಪ್ಪಳದ ಹಿಟ್ಟು ಕುಟ್ಟಲು ತೊಡಗಿದ ಮೇಲೆ ಕೊಡತಿ ನಿಲ್ಲಬಾರದು. ಒಬ್ಬಳು ಕುಟ್ಟಬೇಕು, ಇನ್ನೊಬ್ಬಳು ಎರಡು ಪೆಟ್ಟಿನ ನಡುವೆ ಎಣ್ಣೆಗೈ ತೂರಿಸಿ ಹಿಟ್ಟನ್ನು ಮಡಚಬೇಕು. ಮಧ್ಯೆ ನಿಂತರೆ ಹಿಟ್ಟು ಬಿಗಿದುಕೊಳ್ಳುತ್ತದೆ, ಲಟ್ಟಿಸುವಾಗ ಅಂಚು ಸೀಳುತ್ತದೆ. ಇಷ್ಟು ವರ್ಷವೂ ಹಿತ್ತಿಲ ಕಲ್ಲಿನ ಮುಂದೆ ಗೋಮತಿ ಮಡಚುವವಳು, ಇಸಕ್ಕಿ ಕುಟ್ಟುವವಳು. ಆ ಮಂಗಳವಾರ ಬೆಳಿಗ್ಗೆ ಇಸಕ್ಕಿ ಎತ್ತಿದ ಕೊಡತಿಯನ್ನು ಕಲ್ಲಿನ ಮೇಲೆ ಹಾಕದೆ ನೆಲಕ್ಕೆ ಇಳಿಸಿದಳು. ಒಂದು ಕೈಯಿಂದ ಹೊಟ್ಟೆ ಹಿಡಿದು ಬಾವಿಯ ಕಟ್ಟೆಗೆ ಒರಗಿ ಕೂತಳು.

"ಏನೇ, ಮತ್ತೆ ಶುರುವಾಯ್ತಾ?" ಗೋಮತಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಕಲ್ಲು ನುಂಗಿದ ಹಾಗಿದೆ ಅಕ್ಕಾ. ತಿಂದದ್ದು ಕೆಳಗೂ ಹೋಗಲ್ಲ, ಮೇಲೂ ಬರಲ್ಲ."

"ಹೊರಗೆ ಹೋಗಿ ಎಷ್ಟು ದಿನ ಆಯ್ತು?"

ಇಸಕ್ಕಿ ನಾಚಿಕೊಂಡು ನಾಲ್ಕು ಬೆರಳು ತೋರಿಸಿದಳು. ಅದಕ್ಕಿಂತ ನಾಚಿಕೆಯ ಸಂಗತಿ ಹೋದ ವಾರ ನಡೆದಿತ್ತು. ಒಣಗಿದ ಹಪ್ಪಳ ಒಯ್ಯಲು ಬಂದ ಹೆಂಗಸು ಅವಳ ಹೊಟ್ಟೆಯನ್ನೇ ನೋಡಿ, "ಎಷ್ಟನೇ ತಿಂಗಳು? ಹೇಳಲೇ ಇಲ್ಲವಲ್ಲ!" ಎಂದು ನಕ್ಕಿದ್ದಳು. ಮಗಳು ಕಾಂತಿಗೆ ಒಂಬತ್ತು ವರ್ಷ ತುಂಬಿದೆ. ಇನ್ನೊಂದು ಮಗುವಿನ ಮಾತು ಆ ಮನೆಯಲ್ಲಿ ಎಂದೋ ನಿಂತುಹೋಗಿತ್ತು.

ಅಡುಗೆಮನೆಯಿಂದ ಪೇಚ್ಚಿಯಮ್ಮ ಹೊರಗೆ ಬಂದಳು. ಇಬ್ಬರು ಗಂಡುಮಕ್ಕಳ ತಾಯಿ. ದೊಡ್ಡವನ ಹೆಂಡತಿ ಗೋಮತಿ, ಚಿಕ್ಕವನ ಹೆಂಡತಿ ಇಸಕ್ಕಿ. ಮನೆ ಒಡೆದು ನಡುವೆ ಗೋಡೆ ಎದ್ದಾಗ ಮುದುಕಿ ಚಿಕ್ಕವನ ಕಡೆಗೆ ಉಳಿದಳು. ಹಿತ್ತಿಲು, ಬಾವಿ, ಹಿಟ್ಟು ಕುಟ್ಟುವ ಕಲ್ಲು ಚಿಕ್ಕವನ ಕಡೆಯಲ್ಲೇ ಇದ್ದರೂ ಎರಡೂ ಮನೆಗೆ ಸೇರಿದ್ದು. ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಅದಕ್ಕೆ ಅಗುಳಿ ಇದ್ದರೂ ಹಾಕಿದವರಿಲ್ಲ.

"ಏಟಿ ಇಸಕ್ಕಿ, ಖಾಲಿ ಹೊಟ್ಟೇಲಿ ಆ ಮಾತ್ರೆ ನುಂಗಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

"ನುಂಗಿಲ್ಲ ಅತ್ತೆ. ನೀವು ಕೊಟ್ಟ ತಂಗಳನ್ನದ ನೀರು, ಮಜ್ಜಿಗೆ ಕುಡಿದೇ ನುಂಗಿದ್ದು."

"ಹಾಗಿದ್ರೂ ಹೀಗಾ? ಆ ಡಾಕ್ಟರಮ್ಮ ಕತ್ತು ಹಿಸುಕಿ ನೋಡಿದ್ಲು. ಕಾಯಿಲೆ ಇರೋದು ಹೊಟ್ಟೇಲಿ. ಕಳ್ಳ ಒಂದು ಮನೇಲಿ, ಪೊಲೀಸು ಇನ್ನೊಂದು ಮನೇಲಿ!"

ಗೋಮತಿ ನಕ್ಕಳು. ಇಸಕ್ಕಿಗೆ ನಗಲೂ ಆಗಲಿಲ್ಲ. ಹೋದ ವರ್ಷ ಅಂಬಾಸಮುದ್ರದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಥೈರಾಯ್ಡ್ ಎಂದಿದ್ದಳು. ಎದ್ದ ಕೂಡಲೇ ಬರೀ ನೀರಲ್ಲಿ ಮಾತ್ರೆ ತೆಗೆದುಕೊಂಡು, ಗಂಟೆ ಹೊತ್ತು ಏನೂ ಮುಟ್ಟಬೇಡ ಎಂದಿದ್ದಳು. ಅದನ್ನು ಮನೆಯಲ್ಲಿ ಹೇಳಿದಾಗ ಪೇಚ್ಚಿಯಮ್ಮ ಹೌಹಾರಿದ್ದಳು. ಖಾಲಿ ಹೊಟ್ಟೆಗೆ ಮಾತ್ರೆ ಬಿದ್ದರೆ ಕರುಳು ಸುಡುತ್ತದೆ ಎಂದು ಅಂದಿನಿಂದ ತಾನೇ ಮುಂಚೆ ಎದ್ದು, ರಾತ್ರಿ ನೆನೆಸಿಟ್ಟ ಅನ್ನದ ನೀರಿಗೆ ಮಜ್ಜಿಗೆ, ಉಪ್ಪು, ಜಜ್ಜಿದ ಸಣ್ಣ ಈರುಳ್ಳಿ ಹಾಕಿ ಲೋಟ ಹಿಡಿದು ನಿಲ್ಲುತ್ತಿದ್ದಳು. ಸೊಸೆ ಕುಡಿದು ಮುಗಿಸುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ?

"ಇವತ್ತು ರಾತ್ರಿ ನಮ್ಮನೇಲಿ ಔವೈ ನೋಂಪಿ. ಬೀದಿ ಹೆಂಗಸರೆಲ್ಲ ಬರ್ತಾರೆ. ನೀನು ಬರ್ದೇ ಇದ್ರೆ ಹೇಗೆ?" ಎಂದಳು ಗೋಮತಿ.

"ಕೂತ್ಕೊಳ್ಳೋಕಾಗಲ್ಲ ಅಕ್ಕಾ. ಕಾಂತೀನ ಕರ್ಕೊಂಡು ಹೋಗಿ."

"ಕರಿಬೇಕಾ ಅವಳನ್ನ? ಬೆಳಗಿಂದ ಅಕ್ಕಿ ಹಿಟ್ಟಿನ ಪಾತ್ರೆ ಕಾಯ್ತಾ ಕೂತಿದ್ದಾಳೆ ನಮ್ಮನೇಲಿ."

ಗೋಮತಿಗೆ ಇಬ್ಬರೂ ಗಂಡುಮಕ್ಕಳು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಔವೈ ಪಾಟಿ ಎಂಬ ಅಜ್ಜಿಯ ಹೆಸರಲ್ಲಿ ಹೆಂಗಸರೇ ರಾತ್ರಿ ಸೇರಿ ಮಾಡುವ, ಗಂಡುಪಿಳ್ಳೆಗಳಿಗೆ ತೋರಿಸಲಾಗದ ನೋಂಪಿ ವ್ರತವನ್ನು ಅವಳು ಕಾಂತಿಗೇ ಕಲಿಸುತ್ತಿದ್ದಳು. ಹುಡುಗಿ ಶಾಲೆಯಿಂದ ಬಂದರೆ ಚೀಲ ಎಸೆಯುವುದು ಇಲ್ಲಿ, ತಿನ್ನುವುದು ಅಲ್ಲಿ. ಪೆರಿಯಮ್ಮನ, ಎಂದರೆ ದೊಡ್ಡಮ್ಮನ, ಮನೆಯಿಂದ ಬಟ್ಟಲು ಇಲ್ಲಿಗೆ, ಇಲ್ಲಿಂದ ಬಟ್ಟಲು ಅಲ್ಲಿಗೆ ಸಾಗಿಸುವವಳು ಅವಳೇ.

ಮರುದಿನ ಇನ್ನೂ ಬೆಳಕು ಹರಿಯುವ ಮುಂಚೆ ಕಾಂತಿ ಸಣ್ಣ ಬಾಗಿಲಿಂದ ಒಳಗೆ ಬಂದಳು. ಲಂಗದ ನೆರಿಗೆಯಲ್ಲಿ ಮುಚ್ಚಿಟ್ಟ ಒಂದು ಪಾತ್ರೆ. ಅಜ್ಜಿಗೆ ಕೇಳಿಸದಂತೆ ಅಮ್ಮನ ಹತ್ತಿರ ಬಗ್ಗಿ ಕಿವಿಯಲ್ಲಿ ಹೇಳಿದಳು.

"ಅಮ್ಮಾ, ಕಡುಬು. ಪೆರಿಯಮ್ಮ ಕೊಟ್ರು. ಅಪ್ಪ ನೋಡಬಾರದಂತೆ. ಆಚ್ಚಿಗೂ ಹೇಳಬಾರದಂತೆ."

"ಅಯ್ಯೋ, ಇದು ಆ ಮನೆ ಹೊಸ್ತಿಲು ದಾಟಬಾರದಲ್ಲವೇ?"

"ಪೆರಿಯಮ್ಮ ಅಂದ್ರು, ನಿಮ್ಮಮ್ಮ ಒಂದು ವರ್ಷಾನೂ ತಪ್ಪಿಸಿದವಳಲ್ಲ, ಔವೈ ಪಾಟಿ ಕೋಪ ಮಾಡ್ಕೊಳ್ಳಲ್ಲ ಅಂತ. ಬೇಗ ತಿನ್ನು. ಬೆಳಕಾಗೋದ್ರೊಳಗೆ ಮುಗಿಸ್ಬೇಕು."

ಉಪ್ಪಿಲ್ಲದ, ತಣ್ಣಗಾದ ಅಕ್ಕಿ ಹಿಟ್ಟಿನ ಕಡುಬು. ಒಂದು ಬಾವಿಯ ಆಕಾರ, ಒಂದು ತೊಟ್ಟಿಲು, ಒಂದು ಏನೆಂದು ತಿಳಿಯದ್ದು. "ಇದು ನಾನು ಮಾಡಿದ್ದು, ಆನೆ," ಎಂದಳು ಕಾಂತಿ. ಎರಡಕ್ಕೇ ಸಾಕೆನಿಸಿದರೂ ಮಗಳ ಮುಖ ನೋಡುತ್ತ ಇಸಕ್ಕಿ ಮೂರನ್ನೂ ತಿಂದಳು.

ಮೊದಲೇ ಕಟ್ಟಿಕೊಂಡಿದ್ದ ಹೊಟ್ಟೆ. ಆ ವಾರವೆಲ್ಲ ಅವಳು ನೆಟ್ಟಗೆ ನಿಲ್ಲಲಿಲ್ಲ. ಹುಳಿತೇಗು ಬಂದು ಎದೆ ಉರಿಯಿತು. ಹೊಟ್ಟೆ ತಮಟೆಯಂತೆ ಬಿಗಿದು ಸೀರೆಯ ಗಂಟು ನಿಲ್ಲದಂತಾಯಿತು. ಪೇಚ್ಚಿಯಮ್ಮ ಓಮದ ನೀರು ಕುದಿಸಿದಳು, ಇಂಗು ಕಲಸಿ ಹೊಕ್ಕುಳ ಸುತ್ತ ಹಚ್ಚಿದಳು, ಹರಳೆಣ್ಣೆ ಬಿಸಿಮಾಡಿ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ಅವಳ ಕೈ ಒಂದೆಡೆ ನಿಂತಿತು.

"ಇಲ್ಲಿ ಗಟ್ಟಿಯಾಗಿ ಸಿಗ್ತಿದೆ. ಉಂಡೆ ಹಾಗೆ."

"ಮಲ ಕಟ್ಟಿರಬೇಕು ಅತ್ತೆ."

"ನನ್ನ ತಂಗಿಗೂ ಹೀಗೇ ಇತ್ತು. ಹೀಗೇ ಹೊಟ್ಟೆ, ಹೀಗೇ ಕೂದಲು ಉದುರಿ, ಹೀಗೇ ಧ್ವನಿ ಒಡೆದು. ಗ್ಯಾಸು ಗ್ಯಾಸು ಅಂತ ಎಲ್ಲರೂ ನಕ್ಕರು. ಆಮೇಲೆ ಗೊತ್ತಾಯ್ತು, ಓರಗಿತ್ತಿ ಊಟದಲ್ಲಿ ಮದ್ದು ಹಾಕಿದ್ಲು ಅಂತ. ಅಷ್ಟರಲ್ಲಿ ಹೊತ್ತು ಮೀರಿತ್ತು." ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನನ್ನೂ ಹಾಗೆ ಕಳಿಸ್ಲಾ ನಾನು?"

ಮೂಲೆಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದ ಕಾಂತಿ ತಲೆ ಎತ್ತಿದಳು. ತಾಯಿ ನೋಡಲಿಲ್ಲ.

ಮದ್ದು ತೆಗೆಯುವವನ ಮನೆ ಘಟ್ಟದ ಬುಡದ ಹಳ್ಳಿಯಲ್ಲಿತ್ತು. ಇಸಕ್ಕಿ ಬರುವುದಿಲ್ಲ ಎಂದಳು. ಗಂಡ ಸುಡಲೈ ಮಿನಿಬಸ್ಸಿನ ಡ್ರೈವರ್. ದಿನವಿಡೀ ಸ್ಟಿಯರಿಂಗ್ ತಿರುಗಿಸಿ ಬಂದವನಿಗೆ ಮನೆಯಲ್ಲಿ ಯಾರ ಕಡೆಗೂ ತಿರುಗುವ ತ್ರಾಣ ಇರಲಿಲ್ಲ.

"ಹೋಗಿ ಬಾ. ಅಮ್ಮನ ಮನಸ್ಸಿಗೆ ಸಮಾಧಾನ ಆಗ್ಲಿ. ಅವನೇನು ನಿನ್ನ ಹೊಟ್ಟೆ ಕುಯ್ತಾನಾ?"

"ನಿಮ್ಮ ಹೊಟ್ಟೆ ಆಗಿದ್ರೆ ಹೋಗ್ತಿದ್ರಾ?"

"ನನ್ನ ಹೊಟ್ಟೆಗೆ ಹಸಿಯೋದೊಂದೇ ಗೊತ್ತು. ಅನ್ನ ಹಾಕು."

ಶಾಲೆಗೆ ರಜೆಯಿದ್ದ ದಿನ. ಕಾಂತಿಯನ್ನೂ ಕರೆದುಕೊಂಡು ಮೂವರೂ ಹೋದರು. ಮದ್ದು ತೆಗೆಯುವವನು ಹಣೆತುಂಬ ವಿಭೂತಿ ಬಳಿದುಕೊಂಡ, ಮಿದು ಮಾತಿನ ಮನುಷ್ಯ. ಇಸಕ್ಕಿಯನ್ನು ಚಾಪೆಯ ಮೇಲೆ ಮಲಗಿಸಿ, ನಾಡಿ ಹಿಡಿದು, ಕಣ್ಣುಮುಚ್ಚಿದ.

"ಹತ್ತಿರದವರ ಕೈಯಿಂದ ಬಂದಿದೆ. ಮುಚ್ಚಿಕೊಂಡು ಬಂದಿದೆ. ಬಿಳಿ ಪದಾರ್ಥ."

ಹೊಟ್ಟೆಗೆ ಬಟ್ಟೆ ಹಾಸಿ, ಹಿತ್ತಾಳೆಯ ಕೊಳವೆ ಇಟ್ಟು, ಕೆನ್ನೆ ಒಳಗೆಳೆದು ಹೀರಿದ. ಬಾಳೆಲೆಯ ಮೇಲೆ ಉಗುಳಿದ. ಕಡಲೆ ಗಾತ್ರದ ಬೂದು ಉಂಡೆ, ಅದಕ್ಕೊಂದು ಕೂದಲು ಸುತ್ತಿತ್ತು. ಪೇಚ್ಚಿಯಮ್ಮ ಎದೆ ಬಡಿದುಕೊಂಡಳು.

"ಹಿಟ್ಟು! ಅಕ್ಕಿ ಹಿಟ್ಟು! ಏಟಿ ಕಾಂತಿ, ನೋಂಪಿ ದಿನ ಪೆರಿಯಮ್ಮ ನಿನ್ನ ಕೈಲಿ ಏನಾದ್ರೂ ಕೊಟ್ಲಾ? ನಿಜ ಹೇಳು."

ಕಾಂತಿಯ ತುಟಿ ಅಲುಗಿತು. ಇಸಕ್ಕಿ ಚಾಪೆಯಿಂದ ಅರ್ಧ ಎದ್ದಳು.

"ಏನೂ ಕೊಟ್ಟಿಲ್ಲ ಅತ್ತೆ. ಏನೂ ತಂದಿಲ್ಲ ಇವಳು."

ಕಾಂತಿ ಅಮ್ಮನನ್ನೇ ನೋಡಿದಳು. ಅಮ್ಮ ಸುಳ್ಳು ಹೇಳಿದ್ದನ್ನು ಅವಳು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಇದು ಅರ್ಧ ಮಾತ್ರ ಬಂದಿದೆ," ಎಂದ ಆ ಮನುಷ್ಯ. "ಉಳಿದದ್ದು ಕರುಳಿಗೆ ಅಂಟಿದೆ. ಒಂದು ಮಂಡಲ, ನಲವತ್ತೆಂಟು ದಿನ ಪಥ್ಯ. ಮೀನಿಲ್ಲ, ಎಣ್ಣೆಯಿಲ್ಲ. ಇಂಗ್ಲಿಷ್ ಮಾತ್ರೆ ಮುಟ್ಟಲೇಬಾರದು. ಮುಟ್ಟಿದರೆ ಅದು ಒಳಗೇ ಕಲ್ಲಾಗ್ತದೆ."

ಮನೆಗೆ ಬಂದ ಕೂಡಲೇ ಪೇಚ್ಚಿಯಮ್ಮ ಮಾತ್ರೆಯ ಡಬ್ಬಿಯನ್ನು ತನ್ನ ಟ್ರಂಕಿನೊಳಗೆ ಹಾಕಿ ಬೀಗ ಜಡಿದಳು.

ಮರುದಿನ ಬೆಳಿಗ್ಗೆ ಗೋಮತಿ ಎಂದಿನಂತೆ ಹಿಟ್ಟಿನ ಬುಟ್ಟಿ ಹಿಡಿದು ಹಿತ್ತಿಲಿಗೆ ಬಂದಾಗ ಮುದುಕಿ ಕಲ್ಲಿನ ಮೇಲೆ ಕೂತಿದ್ದಳು.

"ಏನತ್ತೆ, ಕಲ್ಲಿಗೆ ಕಾವಲಾ?"

"ಕಾವಲು ಮೊದಲೇ ಹಾಕಬೇಕಿತ್ತು. ನನ್ನ ಸೊಸೆಗೆ ಏನು ತಿನ್ನಿಸ್ದೆ?"

"ಯಾವ ಸೊಸೆಗೆ? ನಾನೂ ನಿಮ್ಮ ಸೊಸೆನೇ ಅಲ್ವಾ?"

"ಮಾತು ತಿರುಗಿಸ್ಬೇಡ. ನಿಂಗೆ ಹೆಣ್ಣು ಮಗು ಇಲ್ಲ ಅಂತ ನನ್ನ ಮೊಮ್ಮಗಳನ್ನ ಒಲಿಸ್ಕೊಂಡೆ. ಹೋಗ್ಲಿ ಅಂದ್ಕೊಂಡೆ. ಈಗ ಅವಳ ತಾಯೀನೂ ಇಲ್ಲದ ಹಾಗೆ ಮಾಡ್ಬೇಕಾ?"

ಗೋಮತಿಯ ಬುಟ್ಟಿ ಸೊಂಟದಿಂದ ಜಾರಿತು. ಇಸಕ್ಕಿ ಓಡಿ ಬಂದಳು. "ಅಕ್ಕಾ, ನೀವು ಒಳಗೆ ಹೋಗಿ. ಅತ್ತೆ, ಸಾಕು."

"ಸಾಕಾ? ಅವಳ ಬಾಯಲ್ಲೇ ಹೇಳ್ಸು, ಏನೂ ಕೊಡ್ಲಿಲ್ಲ ಅಂತ!"

"ಯಾಕೆ ಹೇಳ್ಬೇಕು?" ಗೋಮತಿ ಧ್ವನಿ ಎತ್ತಿದಳು. "ಕೊಟ್ಟೆ! ನೋಂಪಿ ಕಡುಬು ಕಳಿಸ್ದೆ. ಹುಷಾರಿಲ್ದೆ ಮಲಗಿದವಳು, ಪ್ರಸಾದ ತಪ್ಪಬಾರದು ಅಂತ ಕಳಿಸ್ದೆ. ಹೊಸ್ತಿಲು ದಾಟಿಸಿದ್ದು ತಪ್ಪು, ಅದಕ್ಕೆ ಔವೈ ಪಾಟಿ ಹತ್ರ ಕೆನ್ನೆ ಬಡ್ಕೊಳ್ತೀನಿ. ನಿಮ್ಮ ಹತ್ರ ಅಲ್ಲ!"

ಪೇಚ್ಚಿಯಮ್ಮ ಸೊಸೆಯ ಕಡೆ ತಿರುಗಿದಳು. "ಕೊಟ್ಟಿಲ್ಲ ಅಂದ್ಯಲ್ಲೇ ನೀನು?"

ಇಸಕ್ಕಿ ಒಂದು ಸುಳ್ಳು ಹೇಳಿ ಗೋಮತಿಯನ್ನು ಕಾಪಾಡಲು ಹೋಗಿ, ಅದೇ ಸುಳ್ಳಿನಿಂದ ಅವಳನ್ನು ಸಿಕ್ಕಿಸಿದ್ದಳು.

"ಅದೇ ಕಡುಬು ನಿಮ್ಮ ಮೊಮ್ಮಗಳೂ ತಿಂದಿದ್ದಾಳೆ, ಬೀದಿ ಹೆಂಗಸರೆಲ್ಲ ತಿಂದಿದ್ದಾರೆ. ಅವರ ಹೊಟ್ಟೆಗಳು ಚೆನ್ನಾಗೇ ಇವೆಯಲ್ಲ?" ಎಂದಳು ಗೋಮತಿ.

"ಯಾರ ಹೆಸರಿಗೆ ಇಡ್ತಾರೋ ಅವರಿಗೇ ಹಿಡಿಯೋದು. ನನಗೆ ಪಾಠ ಹೇಳ್ತೀಯಾ?"

ಗೋಮತಿ ಚೆಲ್ಲಿದ ಹಿಟ್ಟನ್ನು ಗೋರಿಕೊಂಡು ಹೋದಳು. ಸಣ್ಣ ಬಾಗಿಲ ಅಗುಳಿ ತುಕ್ಕು ಹಿಡಿದಿತ್ತು. ಪೇಚ್ಚಿಯಮ್ಮ ಅದನ್ನು ಕಲ್ಲಿನಿಂದ ಹೊಡೆದು ಹೊಡೆದು ಕೂರಿಸಿದಳು. ಬಾವಿಯ ಹಿಂದೆ ನಿಂತಿದ್ದ ಕಾಂತಿ ಪ್ರತಿ ಹೊಡೆತಕ್ಕೂ ಕಣ್ಣು ಮುಚ್ಚುತ್ತಿದ್ದಳು.

ಅಲ್ಲಿಂದ ಮುಂದೆ ಎರಡು ಮನೆಯಲ್ಲೂ ಹಪ್ಪಳ ಕೆಟ್ಟಿತು. ಗೋಮತಿಗೆ ಕಲ್ಲಿಲ್ಲ, ಅಡುಗೆಮನೆಯ ಒರಳಲ್ಲೇ ಕುಟ್ಟಿದಳು. ಇಸಕ್ಕಿಗೆ ಮಡಚುವವರಿಲ್ಲ. ಮುದುಕಿ ಕೂತರೆ ಕೈ ತಡವಾಗುತ್ತಿತ್ತು, ಕೊಡತಿ ಬೆರಳ ಮೇಲೆ ಬೀಳುವಂತಾಗುತ್ತಿತ್ತು. "ಅಂಚೆಲ್ಲ ಸೀಳಿದೆ, ಇದನ್ನ ಯಾರು ತಗೊಳ್ತಾರೆ?" ಎಂದು ಹಪ್ಪಳದ ಹೆಂಗಸು ಅರ್ಧ ಹಿಂದಕ್ಕೆ ಕೊಟ್ಟಳು. ಸೀಳಿದ ಹಪ್ಪಳವನ್ನು ಮನೆಯಲ್ಲೇ ಸುಟ್ಟು ತಿಂದರು. ಇಸಕ್ಕಿ ಅದನ್ನೂ ತಿನ್ನುವಂತಿರಲಿಲ್ಲ. ಅವಳ ಪಾಲಿಗೆ ಹುರುಳಿ ಕಟ್ಟಿನ ಸಾರು, ಮೆತ್ತಗಿನ ಅನ್ನ. ಅದೂ ಎರಡು ತುತ್ತಿಗೆ ಎದೆಗೆ ಬಂದು ನಿಲ್ಲುತ್ತಿತ್ತು.

ಕಾಂತಿಯ ಸ್ವಭಾವವೂ ಬದಲಾಯಿತು. ಅದನ್ನು ಮೊದಲು ಗಮನಿಸಿದವನು ಸುಡಲೈ, ಆದರೆ ಸೋಮಾರಿತನ ಎಂದು ತಪ್ಪಾಗಿ ತಿಳಿದುಕೊಂಡ.

"ಏನಮ್ಮಾ ಇದು, ಊಟಕ್ಕೆ ಕೂತ್ರೆ ನೀರು ಕೊಡೋರಿಲ್ಲ ಈ ಮನೇಲಿ? ಕಾಂತಿ, ಅಮ್ಮಂಗೆ ಸಾರು ಬಡಿಸು."

"ನಾನು ಬಡಿಸಲ್ಲ."

"ಯಾಕೆ, ಕೈಗೇನಾಗಿದೆ?"

"ಆಚ್ಚಿ ಬಡಿಸ್ಲಿ."

"ನೋಡಿದ್ಯಾ, ಸೋಮಾರಿ ಆಗಿದ್ದಾಳೆ. ಎಲ್ಲ ಆ ಮನೆ ಮುದ್ದು," ಎಂದಳು ಪೇಚ್ಚಿಯಮ್ಮ.

ಕಾಂತಿ ಎದ್ದು ಹಿತ್ತಿಲಿಗೆ ಹೋಗಿ ಕೈ ತೊಳೆದಳು. ಊಟಕ್ಕೆ ಮುಂಚೆಯೂ ತೊಳೆದಿದ್ದಳು. ಶಾಲೆಯಿಂದ ಬಂದು ತೊಳೆಯುತ್ತಿದ್ದಳು, ಪುಸ್ತಕ ಮುಟ್ಟುವ ಮುಂಚೆ ತೊಳೆಯುತ್ತಿದ್ದಳು. ಬಟ್ಟೆ ಒಗೆಯುವ ಸೋಪು ಸವೆದು ಬಿಲ್ಲೆಯಾಗಿತ್ತು. "ಸೋಪು ತಿಂತೀಯಾ?" ಎಂದು ಮುದುಕಿ ಬೈದಳು. ಇಸಕ್ಕಿ ರಾತ್ರಿ ಹಾಸಿಗೆಯಲ್ಲಿ ಕೈ ಚಾಚಿದರೆ ಮಗಳು ಅಪ್ಪನ ಆಚೆ ಬದಿಗೆ ಹೋಗಿ ಮಲಗುತ್ತಿದ್ದಳು. ಪೆರಿಯಮ್ಮನನ್ನು ಕಾಣದ ಸಿಟ್ಟು ಇರಬೇಕು, ತಾನಾಗಿ ಇಳಿಯುತ್ತದೆ ಎಂದುಕೊಂಡಳು ಇಸಕ್ಕಿ. ಅದಕ್ಕಿಂತ ಹೆಚ್ಚು ಯೋಚಿಸಲು ಅವಳ ತಲೆಯೂ ಕೈಕಾಲಿನಂತೆಯೇ ಭಾರವಾಗಿತ್ತು.

ಮಾತ್ರೆ ನಿಂತಂದಿನಿಂದ ಅವಳಿಗೆ ಬಿಸಿಲಲ್ಲೂ ಚಳಿ. ಮುಖ ಊದಿ ಕಣ್ಣು ಸಣ್ಣದಾಯಿತು. ಹೊಟ್ಟೆ ಮಾತ್ರ ದೊಡ್ಡದಾಗುತ್ತಲೇ ಹೋಯಿತು. ಹೊರಗೆ ಹೋಗಿ ಕೂತರೆ ಬೆವರು ಕಿತ್ತುಬರುತ್ತಿತ್ತು, ಬೇರೇನೂ ಬರುತ್ತಿರಲಿಲ್ಲ.

"ಅತ್ತೆ, ಮಾತ್ರೆ ಕೊಡಿ. ನನ್ನ ಕೈಲಿ ಆಗ್ತಿಲ್ಲ."

"ಒಳಗಿನದ್ದು ಕದಲ್ತಾ ಇದೆ, ಅದಕ್ಕೇ ಹೀಗೆ. ಇನ್ನು ಸ್ವಲ್ಪ ದಿನ ತಾಳ್ಕೊ ನನ್ನ ತಾಯಿ."

"ನಾನು ಸತ್ತ ಮೇಲೆ ಟ್ರಂಕು ತೆಗೀತೀರಾ?"

"ಬಿಡ್ತು ಅನ್ನು! ನಾನು ಮುರುಗನಿಗೆ ಮುಡಿಪು ಕಟ್ಟಿದ್ದೀನಿ ನಿನ್ನ ಹೆಸರಲ್ಲಿ." ಮುದುಕಿಯ ಧ್ವನಿ ನಡುಗಿತು. ಅದು ಸುಳ್ಳಿನ ನಡುಕವಲ್ಲ. ಅದಕ್ಕೇ ಅದರೊಡನೆ ಜಗಳವಾಡುವುದು ಕಷ್ಟ.

ಇಸಕ್ಕಿ ಗಂಡನಿಗೆ ಹೇಳಿದಳು. ಸುಡಲೈ ಅಮ್ಮನ ಹತ್ತಿರ ಕೇಳಿದ. ಅಮ್ಮ ಸತ್ತುಹೋದ ಚಿಕ್ಕಮ್ಮನ ಹೆಸರು ತೆಗೆದು ಅತ್ತಳು. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟುಬಿಟ್ಟ.

ನೋಂಪಿ ನಡೆದ ಆಡಿ ತಿಂಗಳು ಕಳೆದು, ಮುಂದಿನ ಆವಣಿಯೂ ಅರ್ಧವಾಗಿತ್ತು. ಒಂದು ಸಂಜೆ ಇಸಕ್ಕಿ ಒಲೆಯ ಮುಂದೆ ಕೂತು ಅನ್ನ ಬಸಿಯುತ್ತಿದ್ದಳು. ಕೂತಲ್ಲೇ ಕಣ್ಣು ಮುಚ್ಚಿತು. ಮಡಕೆ ಓರೆಯಾಗಿ ಕುದಿಗಂಜಿ ಕಾಲ ಮೇಲೆ ಹರಿಯಿತು, ಸೆರಗು ನೆನೆಯಿತು, ಆದರೂ ಅವಳು ಏಳಲಿಲ್ಲ. ಬಾಗಿಲಲ್ಲಿದ್ದ ಕಾಂತಿ "ಅಮ್ಮಾ!" ಎಂದು ಚೀರಿದಳು, ಹತ್ತಿರ ಓಡಿ ಬಂದಳು, ಆದರೆ ಮುಟ್ಟಲಿಲ್ಲ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಚೀರಿದಳು. ಗೋಡೆಯಾಚೆಯಿಂದ ಗೋಮತಿಯ ಕೂಗು: "ಏನಾಯ್ತೇ? ಬಾಗಿಲು ತೆಗೀರೇ! ಯಾರಾದ್ರೂ ಬಾಗಿಲು ತೆಗೀರೇ!" ಅವಳು ಬೀದಿ ಸುತ್ತಿ ಓಡಿ ಬರುವಷ್ಟರಲ್ಲಿ ಸುಡಲೈ ಬಂದಿದ್ದ. ಹೆಂಡತಿಯ ಕೆನ್ನೆ ತಟ್ಟಿದ. ಕಣ್ಣು ತೆರೆದಳು, ಮಾತು ಮಾತ್ರ ನಿದ್ದೆಯೊಳಗಿನಿಂದ ಬಂದಂತಿತ್ತು.

"ಆಟೋ ಕರೀಲಾ?" ಎಂದಳು ಗೋಮತಿ.

"ನೀನು ಕಾಲಿಡಬೇಡ," ಎಂದಳು ಪೇಚ್ಚಿಯಮ್ಮ.

"ಅಮ್ಮಾ, ಬಾಯಿ ಮುಚ್ಚು!" ಸುಡಲೈ ಹುಟ್ಟಿದಾಗಿನಿಂದ ತಾಯಿಗೆ ಆ ಮಾತು ಅಂದಿರಲಿಲ್ಲ. "ಅತ್ತಿಗೆ, ಕರೀರಿ."

ಡಾಕ್ಟರಮ್ಮ ಕಾಲಿನ ಬೊಬ್ಬೆಗೆ ಮುಲಾಮು ಹಚ್ಚಿಸಿದಳು. ರಕ್ತ ತೆಗೆಸಿ ಒಂದು ದಿನ ಮಲಗಿಸಿಕೊಂಡಳು, ಎನಿಮಾ ಕೊಡಿಸಿದಳು. ಮರುದಿನ ಪರೀಕ್ಷೆಯ ಫಲಿತಾಂಶ ಕೈಯಲ್ಲಿ ಹಿಡಿದು ಸುಡಲೈಯನ್ನು ಎದುರಿಗೆ ಕೂರಿಸಿಕೊಂಡಳು.

"ಮಾತ್ರೆ ಯಾಕೆ ನಿಲ್ಲಿಸಿದ್ರಿ?"

ಸುಡಲೈ ಟವೆಲಿನ ತುದಿ ನೋಡುತ್ತ ಎಲ್ಲ ಹೇಳಿದ.

"ನಿಮ್ಮ ಬಸ್ಸಿಗೆ ಡೀಸೆಲ್ ಹಾಕದೆ, ಯಾಕೆ ಓಡ್ತಿಲ್ಲ ಅಂತ ಪಕ್ಕದ ಮನೆಯವರನ್ನ ಬೈತೀರಾ? ಥೈರಾಯ್ಡ್ ಕಡಿಮೆಯಾದ್ರೆ ಮೈಯೆಲ್ಲ ನಿಧಾನ. ಕರುಳೂ ನಿಧಾನ. ತಿಂದದ್ದು ಮುಂದಕ್ಕೆ ಸಾಗಲ್ಲ, ಅಲ್ಲೇ ಕೂತು ಹೊಟ್ಟೆ ಊದುತ್ತೆ. ಕಡುಬು ತಿಂದ್ರೂ ಊದುತ್ತೆ, ಕೇಕು ತಿಂದ್ರೂ ಊದುತ್ತೆ."

"ನಿಲ್ಲಿಸೋ ಮುಂಚೇನೂ ಹೀಗೇ ಇತ್ತಲ್ಲ ಡಾಕ್ಟ್ರೇ?"

"ಮಾತ್ರೆ ಯಾವುದರಲ್ಲಿ ತಗೊಳ್ತಿದ್ದೆಯಮ್ಮಾ?"

ಇಸಕ್ಕಿ ಮೆಲ್ಲಗೆ ಹೇಳಿದಳು. "ತಂಗಳನ್ನದ ನೀರು. ಮಜ್ಜಿಗೆ ಹಾಕಿ."

"ಹೊಟ್ಟೆ ತುಂಬಿಸಿಕೊಂಡು ನುಂಗಿದ್ರೆ ಅದು ಅರ್ಧವೂ ಮೈಗೆ ಹತ್ತಲ್ಲ. ನಾನು ಬರೀ ನೀರು ಅಂದಿದ್ದು ಸುಮ್ಮನೆ ಅಂದಿದ್ದಾ?"

ಆಟೋ ಊರ ಹತ್ತಿರ ಬಂದಾಗ ಸುಡಲೈ ಹೇಳಿದ: "ಅಮ್ಮಂಗೆ ಮಜ್ಜಿಗೆ ವಿಷಯ ಹೇಳೋದು ಬೇಡ."

"ಯಾಕೆ?"

"ಅಷ್ಟು ದಿನ ಎದ್ದೆದ್ದು ಮಾಡಿಕೊಟ್ಟಿದ್ದಾಳೆ. ತನ್ನಿಂದಾನೇ ಅಂತ ಗೊತ್ತಾದ್ರೆ ತಡ್ಕೊಳ್ಳಲ್ಲ."

ಇಸಕ್ಕಿ ಗಂಡನ ಮುಖ ನೋಡಿದಳು. "ಹಾಗಿದ್ರೆ ಅಕ್ಕನ ಮೇಲೆ ಬಂದಿದ್ದು ಅಕ್ಕನ ಮೇಲೇ ಇರ್ಲಾ?"

ಸುಡಲೈ ಮನೆಗೆ ಬಂದವನೇ ಹಿತ್ತಿಲಿಗೆ ಹೋಗಿ, ಬಿಗಿದುಕೊಂಡಿದ್ದ ಅಗುಳಿಯನ್ನು ಕೊಡತಿಯ ಹಿಡಿಯಿಂದ ಹೊಡೆದು ತೆಗೆದ. ಟ್ರಂಕಿನ ಬೀಗದ ಕೈ ಕೇಳಿದ. ಪೇಚ್ಚಿಯಮ್ಮ ಸೊಂಟದಿಂದ ಬಿಚ್ಚಿ ನೆಲದ ಮೇಲೆ ಎಸೆದಳು.

"ತಗೋ. ನಾಳೆ ಏನಾದ್ರೂ ಆದ್ರೆ ನನ್ನನ್ನ ಕೇಳ್ಬೇಡಿ. ಡಾಕ್ಟರಿಗೆ ಮದ್ದಿನ ವಿಷಯ ಏನು ಗೊತ್ತು? ನನ್ನ ತಂಗೀನೂ ಡಾಕ್ಟರು ನೋಡಿದ್ದ."

ಮರುದಿನ ಬೆಳಿಗ್ಗೆ ಇಸಕ್ಕಿ ಎದ್ದು ಹಿತ್ತಿಲ ಕಟ್ಟೆಯ ಮೇಲೆ ಕೂತಳು. ಕಾಲಿಗೆ ಬಟ್ಟೆ ಸುತ್ತಿತ್ತು. ಅಂಗೈಯಲ್ಲಿ ಮಾತ್ರೆ. ಪೇಚ್ಚಿಯಮ್ಮ ಅಭ್ಯಾಸಬಲದಿಂದ ಮಜ್ಜಿಗೆ ನೀರಿನ ಲೋಟ ಹಿಡಿದು ಬಂದು, ಪಕ್ಕದಲ್ಲೇ ನಿಂತಳು.

"ಅದು ಬೇಡ ಅತ್ತೆ. ಬರೀ ನೀರು ಸಾಕು."

"ಅದನ್ನೂ ಬಿಡಿಸಿದ್ಲಾ ಆ ಡಾಕ್ಟರು? ಬರೀ ಹೊಟ್ಟೆಗೆ?"

"ಹೌದು ಅತ್ತೆ." ಇಸಕ್ಕಿ ಅಷ್ಟಕ್ಕೇ ನಿಲ್ಲಿಸಿದಳು. ಸಣ್ಣ ಬಾಗಿಲು ತೆರೆದಿತ್ತು. ಅದರಾಚೆ ಗೋಮತಿ ಹಿಟ್ಟಿನ ಬುಟ್ಟಿ ಸೊಂಟದಲ್ಲಿಟ್ಟು ನಿಂತಿದ್ದಳು. ಕರೆದರೆ ಬರುವುದು, ಇಲ್ಲದಿದ್ದರೆ ಇಲ್ಲ ಎನ್ನುವ ಹಾಗೆ. ಪೇಚ್ಚಿಯಮ್ಮ ಅವಳನ್ನು ನೋಡಿಯೂ ನೋಡದಂತೆ ಬೆನ್ನು ತಿರುಗಿಸಿದಳು.

"ಕಾಂತಿ, ಒಂದು ಲೋಟ ನೀರು ತಾಮ್ಮಾ," ಎಂದು ಇಸಕ್ಕಿ ಕೂಗಿದಳು.

ಕಾಂತಿ ಬಾಗಿಲವರೆಗೆ ಬಂದು ನಿಂತಳು. ಕೈ ಬೆನ್ನ ಹಿಂದೆ.

"ಏಟಿ, ಕಿವಿ ಕೇಳಲ್ವಾ? ಅಮ್ಮ ಮಾತ್ರೆ ಹಿಡ್ಕೊಂಡು ಕೂತಿದ್ದಾಳೆ," ಎಂದಳು ಮುದುಕಿ.

"ನೀವೇ ಕೊಡಿ ಆಚ್ಚಿ."

"ನಾನ್ಯಾಕೆ? ನಿನ್ನನ್ನ ಹೆತ್ತವಳಿಗೆ ಒಂದು ಲೋಟ ನೀರು ಕೊಡೋಕಾಗಲ್ವಾ? ಎಂಥ ಕಲ್ಲು ಮನಸ್ಸೇ ನಿಂದು!"

"ಅವಳನ್ನ ಬೈಬೇಡಿ ಅತ್ತೆ." ಇಸಕ್ಕಿ ಕೈ ಚಾಚಿದಳು. "ಬಾ ಇಲ್ಲಿ. ಅಮ್ಮನ ಹತ್ರ ಬಾ."

ಕಾಂತಿ ಬಂದಳು, ಆದರೆ ಕೈಗೆ ಸಿಗದಷ್ಟು ದೂರದಲ್ಲಿ ನಿಂತಳು. ಇಸಕ್ಕಿ ಬಗ್ಗಿ ಮೊಣಕೈ ಹಿಡಿದು ಮುಂದಕ್ಕೆ ಎಳೆದುಕೊಂಡಳು. ಆಗ ಮಗಳ ಕೈಗಳನ್ನು ಸರಿಯಾಗಿ ನೋಡಿದಳು. ಬೆರಳ ಸಂದುಗಳು ಬಿರುಕುಬಿಟ್ಟು ಕೆಂಪಗಾಗಿದ್ದವು. ಅಂಗೈಯ ಚರ್ಮ ಸೋಪಿನಲ್ಲಿ ಸುಲಿದು ಸುಕ್ಕುಗಟ್ಟಿತ್ತು.

"ಏನೇ ಇದು? ಏನು ಮಾಡ್ಕೊಂಡೆ ಕೈನ?"

"ಮುಟ್ಟಬೇಡಮ್ಮಾ."

"ಯಾಕೆ? ಉರೀತಿದೆಯಾ?"

ಕಾಂತಿ ಇಲ್ಲವೆಂದು ತಲೆ ಆಡಿಸಿದಳು. ಬಾಗಿಲಾಚೆ ನಿಂತ ಪೆರಿಯಮ್ಮನನ್ನು ನೋಡಿದಳು, ಆಚ್ಚಿಯನ್ನು ನೋಡಿದಳು. ಗೋಮತಿಯ ಕಾಲು ಹೊಸ್ತಿಲ ಮೇಲೆ ಬಂದಿತ್ತು.

"ಪೆರಿಯಮ್ಮ ಯಾರಿಗೂ ಹೇಳ್ಬೇಡ ಅಂದ್ರು, ನಾನು ಹೇಳ್ಲಿ‍ಲ್ಲ. ಆಮೇಲೆ ಆಚ್ಚಿ ಕೇಳಿದ್ರು, ಆಗ್ಲೂ ಹೇಳ್ಲಿ‍ಲ್ಲ. ನೀನು ಸಾಕು ಅನ್ನೋ ಹಾಗೆ ಮುಖ ಮಾಡಿದ್ರೂ, ಆನೆ ಕಡುಬು ತಿನ್ನು ಅಂತ ನಾನೇ ಕೊಟ್ಟೆ." ಅಳು ಬರುವ ಮುಂಚೆ ಮಾತು ಮುಗಿಸಬೇಕೆನ್ನುವ ಆತುರದಲ್ಲಿ ಒಂದೇ ಉಸಿರಿಗೆ ಕೇಳಿದಳು:

"ಅಮ್ಮಾ, ನೀನು ಸತ್ತುಹೋದ್ರೆ ನಾನು ಸಾಯಿಸಿದ ಹಾಗಾ?"